ಕೊಟ್ಟಿಗೆಗೆ ಸೋಫಾ ಹಾಕಿದ ಮನೆ: ಸ್ಪೇನಿನ ಹಳ್ಳಿಯಲ್ಲಿ ಉಳಿದು ಬಂದದ್ದು

ಹೋಮ್‌ಸ್ಟೇ ನಡೆಸುವವರು ಇನ್ನೊಬ್ಬರ ಹೋಮ್‌ಸ್ಟೇಗೆ ಹೋದರೆ ಗುಡ್ಡ, ಹಳ್ಳ ನೋಡುವುದೆಲ್ಲ ಆಮೇಲೆ. ಮೊದಲು ಮಂಚದ ಕೆಳಗೆ ಬಗ್ಗಿ ಕಸ ಹೊಡೆದಿದ್ದಾರೋ ನೋಡುತ್ತಾರೆ, ಬಚ್ಚಲಿನ ನಲ್ಲಿ ತಿರುಗಿಸಿ ಬಿಸಿನೀರು ಬರಲು ಎಷ್ಟು ಹೊತ್ತು ಹಿಡಿಯುತ್ತದೆ ಎಂದು ಕಾಯುತ್ತಾರೆ. ಶಿರಸಿಯಿಂದ ಹುಲೇಕಲ್ ಕಡೆಗೆ ಹೋಗುವ ದಾರಿಯಲ್ಲಿ, ಡಾಂಬರು ಬಿಟ್ಟು ಒಳಗೆ ನಮ್ಮ ಮನೆ. ಹಳೇ ಮನೆಯ ಪಕ್ಕದಲ್ಲಿ ನಾಲ್ಕು ಕೋಣೆ ಎಬ್ಬಿಸಿ ಬೆಂಗಳೂರು, ಹುಬ್ಬಳ್ಳಿ ಮಂದಿಗೆ ಕೊಡುತ್ತೇವೆ. ಸಹಸ್ರಲಿಂಗ, ಯಾಣ, ಉಂಚಳ್ಳಿ ನೋಡಲು ಬರುವವರು ರಾತ್ರಿ ನಮ್ಮಲ್ಲಿ ಉಂಡು ಮಲಗುತ್ತಾರೆ. ಹಾಗಾಗಿ ಈ ಬರಹದಲ್ಲಿ ಕವಿತ್ವ ಕಡಿಮೆ. ಒಲೆ, ಹೊದಿಕೆ, ಮೆಟ್ಟಿಲಿನ ಮಾತೇ ಹೆಚ್ಚು.

ಮಗಳು, ಅಳಿಯ ಮ್ಯಾಡ್ರಿಡ್‌ನಲ್ಲಿದ್ದಾರೆ. ಚೌತಿ ಮುಗಿದು, ಅಡಿಕೆಯ ಕೊಳೆರೋಗಕ್ಕೆ ಔಷಧಿ ಹೊಡೆಯುವ ಗಲಾಟೆಯೂ ತೀರಿ, ಕೊನೆಕೊಯ್ಲು ಶುರುವಾಗುವ ಮೊದಲು ತೋಟದವರಿಗೆ ಒಂದು ಸಣ್ಣ ಬಿಡುವು ಸಿಗುತ್ತದಲ್ಲ, ಆ ಬಿಡುವಿನಲ್ಲಿ ನಾನೂ ನಮ್ಮನೆಯವರೂ ಹೋಗಿ ಬಂದೆವು. ಬಂದಾಗಿನಿಂದ ಸೊಸೈಟಿಯಲ್ಲಿ ಸಿಕ್ಕವರದ್ದೆಲ್ಲ ಒಂದೇ ಪ್ರಶ್ನೆ: "ಅತ್ತಿಗೆ, ಅಲ್ಲಿ ಹೋಮ್‌ಸ್ಟೇ ಹ್ಯಾಂಗಿದ್ದು?" ಅರ್ಧ ಮಂದಿ ತಮ್ಮ ಹಳೇ ಮನೆಯನ್ನೂ ಹಾಗೆ ಮಾಡಬಹುದೋ ಎಂದು ಲೆಕ್ಕ ಹಾಕುತ್ತಿರುವವರು. ಅವರಿಗಾಗಿ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಆ ಮನೆಯ ಹೆಸರು ಹಾಕುವುದಿಲ್ಲ. ನನ್ನದು ಒಂದೆರಡು ದೂರಿದೆ. ನಡೆಸುವವರು ಎಪ್ಪತ್ತು ದಾಟಿದ ಗಂಡ ಹೆಂಡತಿ. ಒಬ್ಬರು ಒಂದು ನಕ್ಷತ್ರ ಕೊಟ್ಟು ಹೋದರೆ ಮುಂದಿನ ತಿಂಗಳ ಬುಕಿಂಗ್ ಏನಾಗುತ್ತದೆ ಎಂದು ನನಗೆ ಗೊತ್ತು. ಅಂಥ ಮನೆಗಳು ಆ ಗುಡ್ಡಗಳಲ್ಲಿ ಬೇಕಾದಷ್ಟಿವೆ, ಆ ಜಾತಿಯ ಮನೆಗಳ ವಿಮರ್ಶೆ ಎಂದೇ ಇದನ್ನು ಓದಿಕೊಳ್ಳಿ.

ಊರು ತರಮುಂದಿ. ಸ್ಪೇನಿನ ಉತ್ತರಕ್ಕೆ ಅಸ್ತೂರಿಯಾಸ್ ಎಂಬ ಸೀಮೆ, ಅದರ ಪಶ್ಚಿಮದ ಅಂಚು. ಗುಡ್ಡ ಇಳಿದರೆ ಗಲೀಸಿಯಾ. ಸ್ಪೇನ್ ಎಂದರೆ ಒಣ ಬಯಲು, ಗೂಳಿ ಕಾಳಗ ಎಂದುಕೊಂಡು ಹೋದವರಿಗೆ ಇಲ್ಲಿ ಏನೂ ಸಿಗುವುದಿಲ್ಲ. ಮಳೆಯ ಊರು. ಸಮುದ್ರ ಉತ್ತರಕ್ಕೆ ಹತ್ತಿರದಲ್ಲೇ ಇದೆ, ಅಲ್ಲಿಂದ ಮೋಡ ಬಂದು ಗುಡ್ಡಕ್ಕೆ ತಾಗುತ್ತದೆ, ಹುಲ್ಲು ವರ್ಷವಿಡೀ ಹಸಿರು. ಚೆಸ್ಟ್‌ನಟ್ ಮರದ ಹಳೇ ಕಾಡು, ಅದರ ನಡುನಡುವೆ ಕಾಗದದ ಕಾರ್ಖಾನೆಗೆಂದು ನೆಟ್ಟ ನೀಲಗಿರಿ. ನಮ್ಮ ಬೆಟ್ಟಗಳಲ್ಲಿ ಅಕೇಶಿಯಾ ಹಬ್ಬಿರುವುದನ್ನು ನೋಡಿದವರಿಗೆ ಆ ನೀಲಗಿರಿಯ ಸಾಲು ಕಂಡ ಕೂಡಲೇ ಕಥೆ ಅರ್ಥವಾಗುತ್ತದೆ. ಮೆಕ್ಕೆಜೋಳದ ಗದ್ದೆಗೆ ಸುತ್ತಲೂ ಕರೆಂಟಿನ ತಂತಿ ಬಿಗಿದಿದ್ದರು. ಯಾಕೆಂದು ಕೇಳಿದರೆ ಕಾಡುಹಂದಿ. "ಇವ್ಕೂ ಹಂದಿ ಕಾಟ ತಪ್ಪಿದ್ದಿಲ್ಲೆ" ಎಂದು ನಮ್ಮನೆಯವರ ಮುಖ ಅರಳಿದ್ದು ಆಗಲೇ. ಅಲ್ಲಿಯವರೆಗೆ ಕಾರಿನ ಹಿಂದಿನ ಸೀಟಿನಲ್ಲಿ ಮುಖ ಗಂಟಿಕ್ಕಿ ಕೂತಿದ್ದರು. ಮ್ಯಾಡ್ರಿಡ್‌ನಿಂದ ಎ-6 ಹೆದ್ದಾರಿ ಹಿಡಿದು ಲೂಗೊವರೆಗೆ ಬಂದು, ಅಲ್ಲಿಂದ ಸಣ್ಣ ರಸ್ತೆಯಲ್ಲಿ ಮೀರಾ, ಪೊಂತೆನೋವಾ ದಾಟಿ ಹತ್ತುವುದು. ಹಗಲು ಪೂರ್ತಿ ಅದಕ್ಕೇ ಹೋಯಿತು. ಕೊನೆಯ ತಿರುವುಗಳು ದೇವಿಮನೆ ಘಟ್ಟ ಇಳಿದು ಅಭ್ಯಾಸ ಇದ್ದವರಿಗೆ ಏನೂ ಅಲ್ಲ; ಬಯಲುಸೀಮೆಯವರು ನಿಂಬೆಹಣ್ಣು ಇಟ್ಟುಕೊಳ್ಳಿ.

ಈ ಊರನ್ನೇ ಮಗಳು ಆರಿಸಿದ್ದಕ್ಕೆ ಕಾರಣ ಇದೆ. ಹಳ್ಳಿಮನೆಯಲ್ಲಿ ಪ್ರವಾಸಿಗರನ್ನು ಇಳಿಸಿಕೊಳ್ಳುವ ವ್ಯವಹಾರ ಸ್ಪೇನಿನಲ್ಲಿ ಬೇರೂರಿದ ಊರುಗಳ ಪೈಕಿ ತರಮುಂದಿಯದ್ದು ಮೊದಲ ಹೆಸರು. ಹದಿನೆಂಟನೇ ಶತಮಾನದ ಒಂದು ಪಾದ್ರಿ ಮನೆ ಅಲ್ಲಿತ್ತು; ಅದನ್ನು ದುರಸ್ತಿ ಮಾಡಿ 1986ರಲ್ಲಿ 'ಲಾ ರೆಕ್ತೊರಾಲ್' ಎಂಬ ಹೋಟೆಲ್ ತೆರೆದರು. ಜನ ಊರು ಬಿಟ್ಟು ಹೋಗುತ್ತಿದ್ದ ಕಾಲ ಅದು. ಹೋಟೆಲ್ ನಡೆಯಿತು, ಅದರ ಬೆನ್ನಿಗೆ ಸುತ್ತಲಿನ ಪಾಳುಬಿದ್ದ ಕಲ್ಲುಮನೆಗಳೂ ಒಂದೊಂದೇ ಎದ್ದು ನಿಂತವು. ಮುಂದೆ 1991ರಿಂದ ಯುರೋಪಿನ ಒಕ್ಕೂಟದ 'ಲೀಡರ್' ಎಂಬ ಗ್ರಾಮಾಭಿವೃದ್ಧಿ ಯೋಜನೆಯ ದುಡ್ಡು ದೇಶದ ಎಷ್ಟೋ ಕಡೆ ಇಂಥ ಮನೆಗಳಿಗೆ ಹರಿಯಿತು. ಈಗ ಸ್ಪೇನಿನ ಯಾವ ಮೂಲೆಗೆ ಹೋದರೂ 'ಕಾಸಾ ರುರಾಲ್' ಎಂಬ ಫಲಕ ಕಾಣುತ್ತದೆ. ಎರಡು ಬಗೆ: ಇಡೀ ಮನೆಯನ್ನೇ ಬೀಗದ ಕೈ ಸಮೇತ ಕೊಡುವುದು, ಇಲ್ಲವೇ ಮನೆಯವರೂ ಇರುವಲ್ಲಿ ಕೋಣೆ ಮಾತ್ರ ಕೊಡುವುದು. ಅಸ್ತೂರಿಯಾಸ್‌ನಲ್ಲಿ ಇಂಥದ್ದಕ್ಕೆ 'ಕಾಸಾ ದೆ ಅಲ್ದೆಯಾ' ಎನ್ನುತ್ತಾರೆ. ನಿಯಮ ಮಾಡುವುದು ಆಯಾ ಪ್ರಾಂತ್ಯದ ಸರಕಾರ. ಬಾಗಿಲ ಪಕ್ಕ ದರ್ಜೆ ತೋರಿಸುವ ಫಲಕ ಇರಬೇಕು. ದೂರು ಬರೆಯುವ ಅಧಿಕೃತ ಹಾಳೆಯನ್ನು ಗಿರಾಕಿ ಕೇಳಿದರೆ ಕೊಡಲೇಬೇಕು, ಕೊಡುತ್ತೇವೆ ಎಂದು ಗೋಡೆ ಮೇಲೆ ಬರೆದೂ ಹಾಕಬೇಕು. ಇದು ನನಗೆ ಬಹಳ ಹಿಡಿಸಿತು. ನಮ್ಮಲ್ಲಿ ಗಿರಾಕಿ ಹೋಗುವಾಗ ನಗುನಗುತ್ತ "ಎಲ್ಲಾ ಚೊಲೋ ಇತ್ತು" ಎಂದು ಹೇಳಿ, ಹುಬ್ಬಳ್ಳಿ ಮುಟ್ಟಿದ ಮೇಲೆ ಮೊಬೈಲಿನಲ್ಲಿ ಬರೆಯುತ್ತಾನೆ.

ನಾವು ಹಿಡಿದದ್ದು ಇಡೀ ಮನೆ. ಮೂರು ಮಲಗುವ ಕೋಣೆ, ರಾತ್ರಿಗೆ 120 ಯೂರೋ. ನಮ್ಮ ಲೆಕ್ಕದಲ್ಲಿ ಹನ್ನೆರಡು ಸಾವಿರದ ಮೇಲೆ. ಎರಡು ರಾತ್ರಿಗಿಂತ ಕಡಿಮೆಗೆ ಕೊಡುವುದಿಲ್ಲ. ಅದರಲ್ಲಿ ತಿಂಡಿ ಇಲ್ಲ, ಊಟ ಇಲ್ಲ, ಒಂದು ಲೋಟ ಹಾಲೂ ಇಲ್ಲ. ತಲೆಗೆ ಇಷ್ಟು ಎಂದು ದರ ಹೇಳಿ ಮೂರು ಹೊತ್ತು ಬಾಳೆಎಲೆ ಹಾಕುವ ನಮಗೆ ಇದು ಕೇಳಿದ ಕೂಡಲೇ ಹೊಟ್ಟೆ ಉರಿಯುವ ವ್ಯವಹಾರ. ಆದರೆ ಐದಾರು ಮಂದಿ ಹಂಚಿಕೊಂಡರೆ ಮ್ಯಾಡ್ರಿಡ್‌ನ ಸಾಧಾರಣ ಹೋಟೆಲ್‌ಗಿಂತ ಕಡಿಮೆಗೇ ಬೀಳುತ್ತದೆ ಎಂದು ಅಳಿಯ ಲೆಕ್ಕ ತೋರಿಸಿದ.

ಕಾರು ಮನೆ ಬಾಗಿಲಿಗೆ ಹೋಗುವುದಿಲ್ಲ. ಕೆಳಗಿನ ಚೌಕದಲ್ಲಿ ನಿಲ್ಲಿಸಿ, ಕಲ್ಲು ಹಾಸಿದ ಓಣಿಯಲ್ಲಿ ಸೂಟ್‌ಕೇಸ್ ಎತ್ತಿಕೊಂಡು ಹತ್ತಬೇಕು. ಇದು ನನ್ನ ಒಂದನೇ ದೂರು. ಬುಕಿಂಗ್ ಪುಟದಲ್ಲಿ ಹೂವಿನ ಕುಂಡದ ಚಿತ್ರ ಹತ್ತಿತ್ತು, ಈ ಓಣಿಯ ಚಿತ್ರ ಒಂದೂ ಇರಲಿಲ್ಲ. ಮನೆಯೊಡತಿ ಬಾಗಿಲಲ್ಲೇ ನಿಂತಿದ್ದಳು. ಬಂದವಳೇ ನನ್ನ ಕೆನ್ನೆಗೆ ಎರಡು ಮುತ್ತು ಕೊಟ್ಟು, ಆಮೇಲೆ ಪಾಸ್‌ಪೋರ್ಟ್ ಕೇಳಿದಳು. ಉಳಿದುಕೊಳ್ಳುವವರ ವಿವರ ತೆಗೆದುಕೊಂಡು ಪೊಲೀಸ್ ವ್ಯವಸ್ಥೆಗೆ ಕಳಿಸುವುದು ಅಲ್ಲಿ ಕಡ್ಡಾಯ. ಮೊಬೈಲಿನಲ್ಲಿ ಫೋಟೊ ಹೊಡೆದು, ಕನ್ನಡಕ ಏರಿಸಿ ಇಳಿಸಿ, ನಮ್ಮ ಹೆಸರಿನ ಅಕ್ಷರ ಒಂದೊಂದೇ ಕುಟ್ಟುತ್ತ ಕೂತಳು. ವಿದೇಶಿಯರು ಬಂದಾಗ 24 ತಾಸಿನೊಳಗೆ ಸರಕಾರಕ್ಕೆ ಅವರ ವಿವರದ ಫಾರ್ಮ್ ತುಂಬಲಿಕ್ಕೆ, ನೆಟ್‌ವರ್ಕ್ ಹುಡುಕಿಕೊಂಡು ಅಂಗಳದ ತುದಿಗೆ ಓಡುವವಳು ನಾನು. ಭಾಷೆ ಒಂದಕ್ಷರ ಬರದಿದ್ದರೂ ಅವಳ ಆ ನಿಟ್ಟುಸಿರು ಪೂರ್ತಿ ಅರ್ಥವಾಯಿತು.

ಇನ್ನು ಮನೆ. ಗೋಡೆ ಮೊಳದುದ್ದಕ್ಕಿಂತ ದಪ್ಪ, ಚಪ್ಪಡಿ ಚಪ್ಪಡಿಯಾಗಿ ಒಡೆಯುವ ಕಪ್ಪು ಸ್ಲೇಟ್ ಕಲ್ಲಿನದು. ಮಾಡಿಗೂ ಅದೇ ಕಲ್ಲಿನ ತೆಳು ಹಾಳೆಗಳು. ಕಿಟಕಿ ಸಣ್ಣವು, ಒಳಗಿನಿಂದ ಮುಚ್ಚುವ ಮರದ ಬಾಗಿಲು. ತೊಲೆಗಳೆಲ್ಲ ಚೆಸ್ಟ್‌ನಟ್ ಮರದ್ದು, ಎಣ್ಣೆ ಹಚ್ಚಿ ಮಿಂಚಿಸಿದ್ದರು. ಕೆಲವು ತೊಲೆ ಎಷ್ಟು ತಗ್ಗಿಗಿದ್ದವೆಂದರೆ ಅಳಿಯ ಮೊದಲ ಸಂಜೆಯೇ ಹಣೆ ಬಡಿಸಿಕೊಂಡ. ಒಳಗೆ ಹೊಗೆಯ ಹಳೇ ವಾಸನೆ, ಎಷ್ಟು ತೊಳೆದರೂ ಹೋಗದ್ದು. ನಮ್ಮ ಅಡಿಕೆ ಅಟ್ಟದ ಕೆಳಗೆ ಬೆಳೆದವಳಿಗೆ ಅದು ತೊಂದರೆ ಎನ್ನಿಸಲಿಲ್ಲ. ಅಳಿಯ ಮಾತ್ರ ಎರಡು ಸಲ ಕಿಟಕಿ ತೆಗೆದ.

ಕೆಳಗಿನ ಅಂತಸ್ತು ಮೊದಲು ದನದ ಕೊಟ್ಟಿಗೆ. ಆ ಕಡೆಯ ಹಳೇ ಮನೆಗಳಲ್ಲಿ ಇದೇ ರೂಢಿ: ಕೆಳಗೆ ದನ, ಮೇಲೆ ಮಂದಿ, ದನದ ಮೈಬಿಸಿ ಮೇಲೇರಿ ಚಳಿಗಾಲಕ್ಕೆ ಮನೆ ಬೆಚ್ಚಗಾಗುತ್ತಿತ್ತು. ಈಗ ಅಲ್ಲಿ ಸೋಫಾ, ಟಿವಿ, ಪುಸ್ತಕದ ಕಪಾಟು. ಕಲ್ಲಿನ ಗೋದಲಿಯನ್ನು ಹಾಗೇ ಉಳಿಸಿಕೊಂಡು ಅದರ ಮೇಲೆ ಹಲಗೆ ಹಾಕಿ ದಿಂಬು ಇಟ್ಟು ಕೂರುವ ಜಾಗ ಮಾಡಿದ್ದಾರೆ. ದನ ಕಟ್ಟುತ್ತಿದ್ದ ಕಬ್ಬಿಣದ ಬಳೆಗಳೂ ಗೋಡೆಯಲ್ಲೇ ಇವೆ, ಅವಕ್ಕೆ ಒಣಹೂವಿನ ಗೊಂಚಲು ನೇತುಹಾಕಿದ್ದಾರೆ. ಚೆಂದವಾಗಿದೆಯೋ ಎಂದರೆ ಚೆಂದವೇ. ಮಗಳು ಫೋಟೊ ಹೊಡೆದದ್ದೇ ಹೊಡೆದದ್ದು. ನನಗೆ ಮಾತ್ರ ಅಲ್ಲಿ ಕೂತು ಚಾ ಕುಡಿಯಲು ಮನಸ್ಸು ಬರಲಿಲ್ಲ. ನಮ್ಮ ಕೊಟ್ಟಿಗೆಯಲ್ಲಿ ಈಗ ಎರಡೇ ದನ ಉಳಿದಿವೆ; ಅವೂ ಹೋದ ಮೇಲೆ ಇಲ್ಲಿ ಏನು ಮಾಡಬಹುದು ಎಂದು ಯಾರೋ ಮೊದಲೇ ತೋರಿಸಿಕೊಟ್ಟ ಹಾಗೆ ಅನ್ನಿಸಿತು. ಈ ಐಡಿಯಾ ತೆಗೆದುಕೊಂಡು ಹೋಗೋಣ ಎಂದು ಅಳಿಯ ಹುಮ್ಮಸ್ಸಿನಲ್ಲಿ ಹೇಳಿದಾಗ ನಾನು ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ.

ಮೇಲಕ್ಕೆ ಹೋಗುವ ಮೆಟ್ಟಿಲು ಏಣಿಗೆ ತಮ್ಮ. ಮಲಗುವ ಕೋಣೆ ಮೂರೂ ಮೇಲೇ. ನಮ್ಮನೆಯವರಿಗೆ ಮಂಡಿನೋವು, ಇಳಿಯುವಾಗಲೆಲ್ಲ ಹಿಂದು ಮುಂದಾಗಿ, ಅಡಿಕೆ ಮರದಿಂದ ಜಾರುವ ಕೊನೆಗೌಡನ ಥರ ಎರಡೂ ಕೈಯಲ್ಲಿ ಹಿಡಿದುಕೊಂಡು ಇಳಿದರು. ಇದು ಎರಡನೇ ದೂರು, ದೊಡ್ಡ ದೂರು. ವಯಸ್ಸಾದವರು ಬರುತ್ತಾರೆ ಎಂದು ಮಗಳು ಮೊದಲೇ ಬರೆದು ತಿಳಿಸಿದ್ದಳು. ಆಗಲಾದರೂ ಒಂದು ಮಾತು ಹೇಳಬೇಕಿತ್ತು. ಹೊರಡುವ ದಿನ ಹೇಳಿದೆವು. ಒಡತಿ ಮೆಟ್ಟಿಲನ್ನೂ ಇವರ ಮಂಡಿಯನ್ನೂ ನೋಡಿ, ತನ್ನ ಮಂಡಿಯನ್ನೂ ತಟ್ಟಿ ತೋರಿಸಿದಳು.

ಹಾಸಿಗೆ, ಹೊದಿಕೆಗೆ ನೂರಕ್ಕೆ ನೂರು. ಹತ್ತಿಯ ಬಿಳಿ ಹಾಸು, ಗಂಜಿ ಹಾಕಿ ಇಸ್ತ್ರಿ ಮಾಡಿದ್ದು. ಮೇಲೆ ಉಣ್ಣೆಯ ಕಂಬಳಿ ಎರಡು, ಕಪಾಟಿನಲ್ಲಿ ಮತ್ತೂ ಎರಡು. ಆ ಮಳೆಯಲ್ಲಿ ಹಾಸು ಎಲ್ಲಿ ಒಣಗಿಸುತ್ತಾರೆ ಎಂಬುದೇ ನನ್ನ ತಲೆಯಲ್ಲಿ ಕೊರೆಯುತ್ತಿತ್ತು, ಯಾಕೆಂದರೆ ಜುಲೈಯಲ್ಲಿ ನನ್ನ ಅರ್ಧ ಆಯುಷ್ಯ ಹೋಗುವುದು ಅದಕ್ಕೇ. ಕೇಳಿಸಿದೆ. ಪಟ್ಟಣದ ಲಾಂಡ್ರಿಗೆ ಕೊಡುತ್ತಾಳಂತೆ. ಅಲ್ಲಿಗೆ ನನ್ನ ಸಂಶೋಧನೆ ಮುಗಿಯಿತು.

ಬಚ್ಚಲು ಇಕ್ಕಟ್ಟು. ಆದರೆ ಕಮೋಡಿನ ಪಕ್ಕಕ್ಕೆ ಇನ್ನೊಂದು ತಗ್ಗಿನ ಬೋಗುಣಿ, ಅದಕ್ಕೊಂದು ನಲ್ಲಿ: ಬಿಡೆ. ಯುರೋಪಿನಲ್ಲಿ ಕಾಗದದ ಕಷ್ಟಕ್ಕೆ ಹೆದರುವ ನಮ್ಮವರಿಗೆ ಸ್ಪೇನಿನ ಹಳೇ ಬಚ್ಚಲುಗಳಲ್ಲಿ ಸಿಗುವ ದೊಡ್ಡ ಸಮಾಧಾನ ಇದು. ಆದರೂ ಒಂದು ಪ್ಲಾಸ್ಟಿಕ್ ಚೊಂಬು ಒಯ್ಯಿರಿ.

ಅಡುಗೆಮನೆಯ ಬಗ್ಗೆ ಬರೆಯದಿದ್ದರೆ ಈ ವಿಮರ್ಶೆಗೆ ಅರ್ಥವಿಲ್ಲ. ಮೂಲೆಯಲ್ಲಿ ಕರೆಂಟಿನ ಒಲೆ, ಫ್ರಿಜ್ಜು, ಪಾತ್ರೆ ತೊಳೆಯುವ ಯಂತ್ರ ಎಲ್ಲ ಇತ್ತು. ನನ್ನ ಕಣ್ಣು ಹೋದದ್ದು ನಡುವಿನ ಕಬ್ಬಿಣದ ಒಲೆಗೆ. ಎದೆಮಟ್ಟಕ್ಕಿಂತ ಸ್ವಲ್ಪ ಕೆಳಗೆ ಬರುವ ಪೆಟ್ಟಿಗೆ. ಒಂದು ಬದಿಯ ಸಣ್ಣ ಬಾಗಿಲಲ್ಲಿ ಕಟ್ಟಿಗೆ ತುಂಬುವುದು. ಮೇಲ್ಭಾಗ ಪೂರ್ತಿ ದಪ್ಪ ಕಬ್ಬಿಣದ ಹಲಗೆ, ಅದರಲ್ಲಿ ಬಳೆ ಬಳೆಯಾಗಿ ತೆಗೆಯಬಹುದಾದ ಮುಚ್ಚಳ. ಬೆಂಕಿಯ ಮೇಲಿನ ಜಾಗ ಕೆಂಪಗೆ ಕಾಯುತ್ತದೆ, ದೂರ ಹೋದಷ್ಟೂ ಕಾವು ಕಡಿಮೆ. ಹಾಗಾಗಿ ಪಾತ್ರೆ ಸರಿಸುವುದೇ ಉರಿ ಏರಿಸುವ, ಇಳಿಸುವ ಉಪಾಯ. ಕಟ್ಟಿಗೆ ಪೆಟ್ಟಿಗೆಯ ಪಕ್ಕದಲ್ಲಿ ರೊಟ್ಟಿ ಬೇಯಿಸುವ ಗೂಡು, ಇನ್ನೊಂದು ತುದಿಯಲ್ಲಿ ನೀರಿನ ತೊಟ್ಟಿ. ಅಡುಗೆ ಆಗುವ ಹೊತ್ತಿಗೆ ನೀರು ತಾನೇ ಕಾದಿರುತ್ತದೆ. ಹೊಗೆ ಕೊಳವೆ ಹಿಡಿದು ಮಾಡಿನಾಚೆ ಹೋಗುತ್ತದೆ, ಕಣ್ಣುರಿ ಇಲ್ಲ. ನಮ್ಮ ಬಚ್ಚಲೊಲೆ, ಹಂಡೆ, ಅಡುಗೆ ಒಲೆ, ಚಳಿ ಕಾಯಿಸುವ ಹೊಡಸಲು ಎಲ್ಲವನ್ನೂ ಒಂದೇ ಪೆಟ್ಟಿಗೆಯಲ್ಲಿ ಸೇರಿಸಿಟ್ಟಿದ್ದಾರೆ. ಅದರ ಸುತ್ತ ಹಿತ್ತಾಳೆಯ ಕಂಬಿ ಓಡಿಸಿದ್ದಾರೆ, ಒದ್ದೆ ಬಟ್ಟೆ ಹಾಕಲಿಕ್ಕೆ. ಹದಿನೈದು ನಿಮಿಷ ನಾನು ಆ ಒಲೆಯ ಮುಚ್ಚಳ ತೆಗೆದು ಹಾಕಿ ಮಾಡಿದ್ದು ಕಂಡು ಮಗಳಿಗೆ ನಗು.

ಮೊದಲ ಮೂಟೆ ಕಟ್ಟಿಗೆ ಬಾಡಿಗೆಯಲ್ಲೇ ಸೇರಿತ್ತು, ಆಮೇಲಿನದ್ದಕ್ಕೆ ಬೇರೆ ದುಡ್ಡು. ಓಕ್ ಕಟ್ಟಿಗೆ, ಸರಿಯಾಗಿ ಒಣಗಿಸಿ ಅಳತೆಗೆ ಸೀಳಿದ್ದು. ಇದಕ್ಕೆ ನನ್ನ ತಕರಾರಿಲ್ಲ. ನಮ್ಮಲ್ಲಿ ಗಿರಾಕಿಗಳು ಕ್ಯಾಂಪ್‌ಫೈರ್ ಎಂದು ಕೇಳಿ ಒಂದು ರಾತ್ರಿಗೆ ಉರಿಸುವ ಕಟ್ಟಿಗೆಯಲ್ಲಿ ನನ್ನ ಹಂಡೆ ವಾರ ಕಾಯುತ್ತದೆ. ಮುಂದಿನ ಸೀಸನ್ನಿಂದ ನಾನೂ ದುಡ್ಡು ಹಿಡಿಯುತ್ತೇನೆ.

ಆ ಒಲೆ ಇದ್ದುದಕ್ಕೆ ನಾವು ಉಪವಾಸ ಬೀಳಲಿಲ್ಲ. ಮೊಟ್ಟೆಯನ್ನೂ ತಿನ್ನದ ಮನೆಯವರಿಗೆ ಉತ್ತರ ಸ್ಪೇನಿನ ಹಳ್ಳಿ ಹೋಟೆಲ್ ಸುಲಭದ ಜಾಗ ಅಲ್ಲ, ಇದನ್ನು ಸ್ಪಷ್ಟವಾಗಿ ಬರೆದುಬಿಡುತ್ತೇನೆ. ಅಸ್ತೂರಿಯಾಸ್‌ನ ಹೆಸರಾಂತ ಅಡುಗೆ ಫಬಾದಾ. ದೊಡ್ಡ ಬಿಳಿ ಅವರೆಯಂಥ ಕಾಳು, ನೋಡಲು ಎಂಥ ಚೆಂದ, ಒಳಗೆ ಪೂರ್ತಿ ಹಂದಿ. ಸೊಪ್ಪಿನ ಸಾರು ಎಂದು ತಂದರೆ ಅದಕ್ಕೂ ಹಂದಿ ಕೊಬ್ಬು. ಆಲೂಗಡ್ಡೆ ತೋರ್ತಿಯಾ ಎಂದರೆ ಮೊಟ್ಟೆ. ಮಾಂಸ ಬೇಡ ಎಂದರೆ ಮೀನು ತರಲೇ ಎನ್ನುತ್ತಾರೆ, ಪ್ರೀತಿಯಿಂದಲೇ. ನಮಗೆ ದಕ್ಕಿದ್ದು ಎಣ್ಣೆಯಲ್ಲಿ ಹುರಿದು ಉಪ್ಪು ಉದುರಿಸಿದ ಸಣ್ಣ ಹಸಿರು ಮೆಣಸು, ಟೊಮೆಟೊ, ದಪ್ಪ ಸಿಪ್ಪೆಯ ಹಳ್ಳಿ ಬ್ರೆಡ್ಡು. ಚೀಸು ಅಲ್ಲಿ ಬಲು ರುಚಿಯಂತೆ. ತರಮುಂದಿಯ ಚೀಸಿನಲ್ಲಿ ಅಕ್ರೋಟು, ಹೇಜಲ್‌ನಟ್ ಸೇರಿಸಿದ್ದೂ ಇದೆ. ನಮ್ಮನೆಯವರು ತಿಂದರು, ನಾನು ತಿನ್ನಲಿಲ್ಲ. ಹಳೇ ಪದ್ಧತಿಯ ಚೀಸಿಗೆ ಹೆಪ್ಪು ಹಾಕುವುದು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್‌ನಿಂದ. ಅದು ಬೇಡ ಎನ್ನುವವರು ಡಬ್ಬಿಯ ಮೇಲೆ 'ಕುವಾಹೊ ವೆಹೆತಾಲ್' (ಸಸ್ಯದ ಹೆಪ್ಪು) ಎಂದಿದೆಯೋ ನೋಡಿ ಕೊಳ್ಳಬೇಕು. ಮುಳ್ಳುಗಿಡದ ಹೂವಿನಿಂದ ಹೆಪ್ಪು ಹಾಕುವ ಬಗೆಯೂ ಆ ದೇಶದಲ್ಲಿದೆ, ಹೆಚ್ಚಾಗಿ ಪಶ್ಚಿಮದ ಎಸ್ತ್ರೆಮದೂರಾ ಕಡೆಗೆ.

ಹಾಗಾಗಿ ಕುಕ್ಕರ್ ಮಗಳು ತಂದಿದ್ದಳು, ಅಪ್ಪೆಮಿಡಿ ಉಪ್ಪಿನಕಾಯಿ, ಹಲಸಿನ ಹಪ್ಪಳ ನಾನು ಒಯ್ದಿದ್ದೆ. ಕಬ್ಬಿಣದ ಒಲೆಯ ಕೆಂಡದಲ್ಲಿ ಹಪ್ಪಳ ಸುಟ್ಟ ಮಧ್ಯಾಹ್ನ ಒಡತಿ ಅದೇನು ಪರಿಮಳ ಎಂದು ಒಳಗೆ ಬಂದಳು. ಒಂದು ಕೊಟ್ಟೆ. ಮುರಿದಳು, ಮೂಸಿದಳು, ತಿಂದಳು, ಇನ್ನೊಂದು ಕೇಳಿದಳು. ಮಾರನೇ ದಿನ ಬಾಗಿಲ ಹೊರಗೆ ಒಂದು ಚೀಲ ಚೆಸ್ಟ್‌ನಟ್, ಒಂದು ಸಿಹಿಗುಂಬಳ ಇಟ್ಟು ಹೋಗಿದ್ದಳು. ಅಕ್ಟೋಬರಿನಲ್ಲಿ ಕಾಡಿನ ತುಂಬ ಆ ಕಾಯಿ ಉದುರಿ ಬಿದ್ದಿರುತ್ತದೆ. ಹೊರಗೆ ಮುಳ್ಳಿನ ಚಿಪ್ಪು, ಒಳಗೆ ಕಂದು ಬೀಜ. ಸೀಳು ಹಾಕಿ ಹುರಿದರೆ ಹಲಸಿನ ಬೇಳೆಯದೇ ರುಚಿ, ಸಿಹಿ ಒಂದು ಕೈ ಮುಂದು. ಕುಂಬಳ ಹಾಕಿ ಹುಳಿ ಮಾಡಿದೆ. ಹುಣಸೆ ಇರಲಿಲ್ಲ, ನಿಂಬೆಹಣ್ಣು ಹಿಂಡಿದೆ. ಅಡ್ಡಿಲ್ಲೆ ಅನ್ನುವ ಹಾಗಾಯಿತು.

ಗಡಿಯಾರ ಮಾತ್ರ ನಮಗೂ ಅವರಿಗೂ ಕಡೆಯವರೆಗೆ ಹೊಂದಲಿಲ್ಲ. ಸ್ಪೇನ್ 1940ರಿಂದ ಜರ್ಮನಿಯ ಕಡೆಯ ಸಮಯ ಇಟ್ಟುಕೊಂಡಿದೆ, ಸೂರ್ಯ ಅದಕ್ಕೆ ಒಪ್ಪಿಲ್ಲ. ಅದರಲ್ಲೂ ಪಶ್ಚಿಮದ ಆ ಮೂಲೆಯಲ್ಲಿ ಅಕ್ಟೋಬರ್ ನಡುವಿಗೆ ಹೊತ್ತು ಹುಟ್ಟುವುದು ಬೆಳಿಗ್ಗೆ ಎಂಟೂವರೆ ದಾಟಿದ ಮೇಲೆ. ಐದಕ್ಕೆ ಎದ್ದು ಅಂಗಳ ಗುಡಿಸುವ ಅಭ್ಯಾಸದವಳು ನಾನು. ಎದ್ದು, ಚಾ ಕುಡಿದು, ಸ್ನಾನ ಮುಗಿಸಿ, ಒಲೆ ಹೊತ್ತಿಸಿ, ದೇವರಿಗೆ ದೀಪ ಹಚ್ಚಿದರೂ ಹೊರಗೆ ಕಗ್ಗತ್ತಲೆ. ಹೋಟೆಲ್‌ನಲ್ಲಿ ಮಧ್ಯಾಹ್ನದ ಊಟ ಎರಡರ ಮೇಲೆ, ರಾತ್ರಿಯದ್ದು ಒಂಬತ್ತರ ಮೇಲೆ. ಸಂಜೆ ಆರಕ್ಕೆ ಹಸಿವಾದರೆ ಕಾಫಿ ಸಿಗುತ್ತದೆ, ಊಟ ಸಿಗುವುದಿಲ್ಲ. ಅಂಗಡಿ ಮಧ್ಯಾಹ್ನ ಬಾಗಿಲು ಹಾಕುತ್ತದೆ. ಭಾನುವಾರದ್ದನ್ನು ಶನಿವಾರವೇ ತಂದಿಟ್ಟುಕೊಳ್ಳಿ. ಬ್ರೆಡ್ ಮಾರುವ ವ್ಯಾನ್ ಕೆಳಗಿನ ರಸ್ತೆಯಲ್ಲಿ ಹಾರ್ನ್ ಬಾರಿಸುತ್ತ ಬರುತ್ತದೆ, ಆ ಸದ್ದು ಕೇಳಿದ ಕೂಡಲೇ ಓಡಬೇಕು. ಕುಮಟಾದಿಂದ ಮೀನಿನ ಗಾಡಿ ಬಂದಾಗ ನಮ್ಮ ಕೆಳಗಿನ ಕೇರಿಯವರು ಓಡುವುದೂ ಹೀಗೆಯೇ.

ನೋಡುವ ಜಾಗಗಳ ಪೈಕಿ ಒಂದರ ಬಗ್ಗೆಯೇ ಬರೆಯುತ್ತೇನೆ, ಉಳಿದದ್ದು ಮೊಬೈಲಿನಲ್ಲಿ ಸಿಗುತ್ತದೆ. ಓಸ್ ತೆಯ್ಶೋಯಿಸ್ ಎಂಬ ಪುಟ್ಟ ಹಳ್ಳಿ, ತರಮುಂದಿಯಿಂದ ಗುಡ್ಡದ ದಾರಿ. ಒಂದು ಹಳ್ಳದಿಂದ ಕಾಲುವೆ ತೆಗೆದು, ಅದೇ ನೀರಿನಲ್ಲಿ ಕಬ್ಬಿಣ ಬಡಿಯುವ ಸುತ್ತಿಗೆ, ಸಾಣೆಕಲ್ಲು, ಹಿಟ್ಟಿನ ಗಿರಣಿ, ಉಣ್ಣೆ ಬಟ್ಟೆ ಕುಟ್ಟುವ ಯಂತ್ರ, ಕಡೆಗೆ ಒಂದು ಸಣ್ಣ ಕರೆಂಟು ತಯಾರಿಸುವ ಚಕ್ರ ಇಷ್ಟನ್ನೂ ನಡೆಸಿದ್ದಾರೆ. ಮೂಲ ಹದಿನೆಂಟನೇ ಶತಮಾನದ ವ್ಯವಸ್ಥೆ, ಕರೆಂಟಿನ ಚಕ್ರ ಮಾತ್ರ ಆಮೇಲಿನದ್ದು; ಈಗಲೂ ಓಡಿಸಿ ತೋರಿಸುತ್ತಾರೆ. ಸುತ್ತಿಗೆ ಎಂದರೆ ಕೈಯಲ್ಲಿ ಹಿಡಿಯುವಂಥದ್ದಲ್ಲ. ಇಡೀ ಮರದ ತೊಲೆ, ಅದರ ತುದಿಗೆ ಕಬ್ಬಿಣದ ತಲೆ. ನೀರಿನ ಚಕ್ರ ತಿರುಗಿದಾಗ ಅದರ ದಿಂಡಿನ ಹಲ್ಲು ತೊಲೆಯ ಬಾಲವನ್ನು ಅದುಮುತ್ತದೆ, ತಲೆ ಏಳುತ್ತದೆ, ಹಲ್ಲು ಜಾರಿದ ಕೂಡಲೇ ಧೊಪ್ಪನೆ ಬೀಳುತ್ತದೆ. ನೀರು ಹೆಚ್ಚು ಬಿಟ್ಟರೆ ಬಡಿತದ ವೇಗವೂ ಹೆಚ್ಚು. ಕಾಲಡಿಯ ನೆಲ ನಡುಗುತ್ತಿತ್ತು.

ನಮ್ಮನೆಯವರು ಅಲ್ಲಿಂದ ಕದಲಲೇ ಇಲ್ಲ. ನಮ್ಮ ತೋಟಕ್ಕೆ ಬೆಟ್ಟದ ಅಬ್ಬಿ ನೀರು ಬರುತ್ತದೆ. ಹಿಂದೆ ಅಡಿಕೆ ದಬ್ಬೆಯಲ್ಲಿ ಬರುತ್ತಿತ್ತು, ಈಗ ಪೈಪು. ಹನಿ ಪೆಟ್ರೋಲು ಇಲ್ಲದೆ ಅಡುಗೆಮನೆಗೆ, ಕೊಟ್ಟಿಗೆಗೆ, ತೋಟಕ್ಕೆ ಇಳಿದು ಹೋಗುವ ಆ ನೀರಿನ ಬಗ್ಗೆ ಇವರಿಗೆ ಜಂಬ. ಇಲ್ಲಿ ಅದೇ ನೀರು ಕಬ್ಬಿಣ ಬಡಿಯುವುದು ಕಂಡು ಕಾಲುವೆಯ ಇಳಿಜಾರು, ತೂಬಿನ ಅಗಲ ಎಲ್ಲ ಮಗಳಿಂದ ಕೇಳಿಸಿದರು. ತೋರಿಸುತ್ತಿದ್ದ ಹುಡುಗ ಕೊನೆಗೆ ಬೇರೆ ಪ್ರವಾಸಿಗರನ್ನು ಬಿಟ್ಟು ಇವರ ಜೊತೆಗೇ ನಿಂತ. ಊರು ಹೆಸರಾದದ್ದೇ ಕಬ್ಬಿಣದ ಕೆಲಸಕ್ಕೆ. ಬಾಕ್ಸ್‌ವುಡ್ ಮರದ ಹಿಡಿ ಹಾಕಿದ ಮಡಚುವ ಚಾಕುಗಳನ್ನು ಈಗಲೂ ಮನೆಮನೆಯ ಕುಲುಮೆಯಲ್ಲಿ ಮಾಡುತ್ತಾರೆ. ಇವರೂ ಒಂದು ಕೊಂಡರು. ಅಡಿಕೆ ಸುಲಿಯಲಿಕ್ಕೆ ಬರುತ್ತದೋ ಎಂದು ಅಂಗಡಿಯಲ್ಲೇ ಬೆರಳಿಟ್ಟು ನೋಡಿದರು. ಮೆಟ್ಟುಗತ್ತಿಯ ಕೆಲಸ ಅದರಿಂದ ಆಗುವುದಿಲ್ಲ. ಕೊಳ್ಳುವವರು ಗಮನಿಸಿ: ಕೈಚೀಲದಲ್ಲಿ ಹಾಕಿಕೊಂಡು ವಿಮಾನ ಹತ್ತಲು ಬಿಡುವುದಿಲ್ಲ, ದೊಡ್ಡ ಬ್ಯಾಗಿಗೆ ಹಾಕಿ.

ನಾವಿದ್ದ ಮನೆಯ ಎದುರಿಗೆ ಒಂದು ಓರ್ರೆಯೊ ಇತ್ತು, ಅವರ ಕಣಜ. ನಮ್ಮ ಪಣತ ಮನೆಯೊಳಗಿದ್ದರೆ ಅವರದ್ದು ಅಂಗಳದಲ್ಲಿ, ನಾಲ್ಕು ಕಂಬದ ಮೇಲೆ ನಿಂತ ಮರದ ಕೋಣೆ. ಕಂಬದ ತಲೆಗೆ ಅಗಲದ ಚಪ್ಪಟೆ ಕಲ್ಲು, ಇಲಿ ಹತ್ತಿದರೂ ಅದನ್ನು ದಾಟಲಾರದು. ಕಲ್ಲಿನ ಮೆಟ್ಟಿಲು ಬಾಗಿಲವರೆಗೆ ಹೋಗದೆ ಒಂದು ಹೆಜ್ಜೆ ಮೊದಲೇ ನಿಂತುಬಿಡುತ್ತದೆ, ಅದೂ ಇಲಿಗೇ. ಹಲಗೆಗಳನ್ನು ಒಂದಕ್ಕೊಂದು ಸಿಕ್ಕಿಸಿ ಕಟ್ಟಿದ್ದು. ಬೇಕಾದರೆ ಪೂರ್ತಿ ಬಿಚ್ಚಿ ಬೇರೆ ಕಡೆ ನಿಲ್ಲಿಸಬಹುದು. ಒಳಗೆ ಏನಿದೆ ಎಂದು ಇಣುಕಿದೆ. ಈರುಳ್ಳಿ, ಆಲೂಗಡ್ಡೆ, ಕುಂಬಳ, ಎರಡು ಸೈಕಲ್ಲು. ಆ ಸೈಕಲ್ಲು ಮಕ್ಕಳದ್ದಂತೆ, ಅಂದರೆ ಈಗ ನಲವತ್ತಾದ ಮಕ್ಕಳದ್ದು. ಒಬ್ಬ ಹಿಹೋನ್‌ನಲ್ಲಿ, ಇನ್ನೊಬ್ಬಳು ಮ್ಯಾಡ್ರಿಡ್‌ನಲ್ಲಿ. ನಾವಿದ್ದದ್ದು ಯಜಮಾನನ ಅಜ್ಜನ ಮನೆ, ಅವರು ವಾಸ ಮಾಡುವುದು ಪಕ್ಕದ ಹೊಸ ಮನೆ. ಕೇರಿಯಲ್ಲಿ ರಾತ್ರಿ ದೀಪ ಕಾಣುವ ಮನೆ ಬೆರಳೆಣಿಕೆಯಷ್ಟು, ಅದರಲ್ಲೂ ಕೆಲವು ನಮ್ಮ ಥರದ ಬಾಡಿಗೆಯವರದ್ದು. ಖಾಲಿಯಾಗುತ್ತಿರುವ ಹಳ್ಳಿಗಳ ಪರವಾಗಿ 2019ರ ಮಾರ್ಚ್‌ನಲ್ಲಿ ಮ್ಯಾಡ್ರಿಡ್‌ನಲ್ಲಿ ಭಾರೀ ಮೆರವಣಿಗೆ ನಡೆದಿತ್ತು ಎಂದು ಮಗಳು ಹೇಳಿದಳು. ನಿಮ್ಮ ಊರಲ್ಲೂ ಹುಡುಗರು ಇಲ್ಲವೋ ಎಂದು ಯಜಮಾನ ಕೇಳಿದ. ಇದ್ದವರಿಗೆ ಹೆಣ್ಣು ಸಿಗುವುದಿಲ್ಲ ಎಂದು ಇವರು ಹೇಳಿದ್ದನ್ನು ಮಗಳು ಸ್ಪ್ಯಾನಿಷಿಗೆ ತಿರುಗಿಸಿದ ಕೂಡಲೇ ಆತ ಮೇಜು ಕುಟ್ಟಿ ನಕ್ಕು, ತಮ್ಮ ಸೈಡರ್ (ಸೇಬಿನ ಹೆಂಡ) ಬಾಟಲಿ ತಲೆಮೇಲೆ ಎತ್ತಿ, ಕೆಳಗೆ ಹಿಡಿದ ಲೋಟಕ್ಕೆ ಧಾರೆ ಸುರಿದು ಇವರ ಮುಂದೆ ಹಿಡಿದ. ಇವರು ಕೈಮುಗಿದರು. ಅಳಿಯ ಮುಂದೆ ಬಂದು ಮರ್ಯಾದೆ ಉಳಿಸಿದ.

ಅಲ್ಲಿನವರಿಂದ ನಮ್ಮವರು ಕಲಿಯಬೇಕಾದದ್ದು ನನ್ನ ಪ್ರಕಾರ ಗೋದಲಿ ಸೋಫಾ ಅಲ್ಲ. ಫ್ರಿಜ್ಜಿನ ಮೇಲೆ ಅಂಟಿಸಿದ್ದ ಒಂದು ಹಾಳೆ. ಬಿಸಿನೀರಿನ ತೊಟ್ಟಿ 80 ಲೀಟರ್, ಇಬ್ಬರು ಮಿಂದ ಮೇಲೆ ಅರ್ಧ ತಾಸು ಕಾಯಿರಿ. ಮೊಬೈಲ್ ಸಿಗ್ನಲ್ ಬೇಕಿದ್ದರೆ ಚರ್ಚಿನ ಗೋಡೆಯ ಹತ್ತಿರ ಹೋಗಿ. ನಾಯಿ ದೊಡ್ಡದು, ಕಚ್ಚುವುದಿಲ್ಲ. ಭಾನುವಾರ ಅಂಗಡಿ ಇಲ್ಲ. ಬೆಳಿಗ್ಗೆ ದನ ಇಳಿಯುವಾಗ ಗಂಟೆ ಸದ್ದಾಗುತ್ತದೆ, ಅದನ್ನು ನಿಲ್ಲಿಸಲು ಆಗುವುದಿಲ್ಲ. ಇಷ್ಟನ್ನು ನಾಲ್ಕು ಭಾಷೆಯಲ್ಲಿ ಬರೆದಿಟ್ಟು, ಮೆಟ್ಟಿಲಿನ ವಿಷಯ ಮಾತ್ರ ಯಾಕೆ ಬಿಟ್ಟರೋ. ಆ ಹಾಳೆ ಕೊಟ್ಟು, ಕೀಲಿ ಕೊಟ್ಟು, ಆಮೇಲೆ ನಮ್ಮ ಪಾಡಿಗೆ ನಮ್ಮನ್ನು ಬಿಟ್ಟರು. ಕರೆದರೆ ಬಂದರು, ಕರೆಯದಿದ್ದರೆ ತೋಟದಾಚೆಯಿಂದ ಕೈಬೀಸಿದರು. ನಾವು ಗಿರಾಕಿಯನ್ನು ಜಗುಲಿಯಲ್ಲಿ ಒಂದು ಗಳಿಗೆ ಸುಮ್ಮನೆ ಕೂರಲು ಬಿಡುವುದಿಲ್ಲ. ಆಸರಿಗೆ ಬೇಕಾ, ಇನ್ನೊಂದು ತೊಡದೇವು ಹಾಕಲಾ, ತೋಟ ತೋರಿಸಲಾ. ಅದನ್ನೇ ಹುಡುಕಿಕೊಂಡು ಬರುವವರೂ ಇದ್ದಾರೆ, ನಿಜ. ಆದರೆ ಕೆಲವರು ಬಾಗಿಲು ಹಾಕಿಕೊಂಡು ಮಳೆ ನೋಡಲು ಬರುತ್ತಾರೆ ಎಂಬುದು, ನಾನೇ ಹಾಗೆ ಕೂತಾಗ ಗೊತ್ತಾಯಿತು. ಊಟದ ವಿಷಯದಲ್ಲಿ ಮಾತ್ರ ನಾನು ಸೋಲೊಪ್ಪುವುದಿಲ್ಲ. ಅಷ್ಟು ದುಡ್ಡು ತೆಗೆದುಕೊಂಡು ಬೆಳಿಗ್ಗೆ ಒಂದು ಚೂರು ಬ್ರೆಡ್ಡು, ಬೆಣ್ಣೆಯಾದರೂ ಇಡದಿದ್ದರೆ ಅದಕ್ಕೆ ಅತಿಥಿ ಸತ್ಕಾರ ಎನ್ನಲು ನನ್ನ ಬಾಯಿ ಬರುವುದಿಲ್ಲ.

ಒಟ್ಟು ಐದಕ್ಕೆ ನಾಲ್ಕು. ಕಳೆದ ಒಂದು ಮೆಟ್ಟಿಲಿಗೆ, ಓಣಿಗೆ.

ಹೋಗುವ ಯೋಚನೆ ಇದ್ದವರಿಗೆ: ಆಗಸ್ಟ್ ಬೇಡ, ಸ್ಪೇನಿಗೆ ಸ್ಪೇನೇ ಆಗ ರಜೆ ಮೇಲಿರುತ್ತದೆ, ದರವೂ ಮೇಲೆ. ನಮ್ಮ ಥರ ಅಕ್ಟೋಬರಿನಲ್ಲಿ ಹೋದರೆ ಚೆಸ್ಟ್‌ನಟ್ ಸಿಗುತ್ತದೆ, ಕೊಡೆಯೂ ಬೇಕಾಗುತ್ತದೆ. ಕಾರು ಇಲ್ಲದೆ ಈ ಊರುಗಳಿಗೆ ಹೋಗುವುದು ವ್ಯರ್ಥ. ಬುಕ್ ಮಾಡುವ ಮೊದಲು ನಾಲ್ಕು ಪ್ರಶ್ನೆ ಬರೆದು ಕೇಳಿ: ಕಾರು ಎಲ್ಲಿಯವರೆಗೆ ಬರುತ್ತದೆ, ಕೆಳಗೆ ಮಲಗುವ ಕೋಣೆ ಇದೆಯೋ, ಚಳಿಗೆ ಹೀಟರೋ ಬರೀ ಕಟ್ಟಿಗೆಯೋ, ಕಟ್ಟಿಗೆ ಲೆಕ್ಕ ಹೇಗೆ. ಉತ್ತರ ಚಿತ್ರ ಸಮೇತ ಬರಲಿ. ಬೇಳೆ, ಸಾರಿನ ಪುಡಿ, ಇಂಗು ಒಯ್ಯಿರಿ. ಅಕ್ಕಿ ಅಲ್ಲೇ ಸಿಗುತ್ತದೆ, ಗುಂಡು ಅಕ್ಕಿ, ಅನ್ನ ನಮ್ಮದರಷ್ಟೇ ಮೆತ್ತಗೆ ಆಗುತ್ತದೆ. ಹಪ್ಪಳ ಒಂದು ಕಟ್ಟು ಹೆಚ್ಚಿಗೆ ಇರಲಿ, ಪಕ್ಕದ ಮನೆಯವರು ಕೇಳುತ್ತಾರೆ.